ಗಾಳಿಬಂದೂಕದ ಸೈಲೆನ್ಸರೂ ಶಸ್ತ್ರಾಸ್ತ್ರ ಕಾಯಿದೆಯೂ

ಬೆಳೆದ ಬೆಳೆಯನ್ನು ಕೋತಿ, ಹಂದಿ, ನವಿಲು, ಗಿಣಿ ಮುಂತಾದವುಗಳ ಹಾವಳಿಯಿಂದ ಕಾಪಾಡಿಕೊಳ್ಳುವುದು ಬೇಸಾಯದ ಒಂದು ಮುಖ್ಯವಾದ ಕೆಲಸವಾಗಿರುತ್ತದೆ. ಈ ಉದ್ದೇಶಕ್ಕಾಗಿ ಏರ್‌ಗನ್ನೆಂದು ಕರೆಯಲ್ಪಡುವ ಗಾಳಿಬಂದೂಕವನ್ನು ಇಟ್ಟುಕೊಳ್ಳುವ ಪದ್ಧತಿಯು ತೋಟದ ಸೀಮೆಗಳಲ್ಲಿ ಹೆಚ್ಚಾಗಿದೆ. ಇದಕ್ಕೆ ಮದ್ದು ಬೇಡ, ತೋಟಾ ಬೇಡ, ಸಾಧಾರಣ ಬಗೆಯದಕ್ಕೆ ಲೈಸೆನ್ಸೂ ಬೇಡವೆಂಬುದೇ ಅದರ ಪ್ರಚಾರಕ್ಕೆ ಕಾರಣ. ಆದರೆ ಬಂದೂಕಕ್ಕೆ ಲೈಸೆನ್ಸು ಬೇಡವಾದ ಮೇಲೆ ಅದರ ಬಾಯಿಗೆ ಸಿಕ್ಕಿಸುವ ಸೈಲೆನ್ಸರಿಗೂ ಬೇಡವೆಂದು ಭಾವಿಸಿ, ಪರಸ್ಥಳದಿಂದ ತರಿಸಿಯೋ ಹತ್ತಿರದ ಲೇತಿನ ಅಂಗಡಿಯಲ್ಲಿ ಮಾಡಿಸಿಯೋ ಅದನ್ನು ಇಟ್ಟುಕೊಳ್ಳುವವರುಂಟು. ಈ ಭಾವನೆಯು ತಪ್ಪಾದುದು. ಒಂದು ಗೇಣುದ್ದದ ಈ ಕೊಳವೆಯು ನಿರಪರಾಧಿಯಾದ ಗೃಹಸ್ಥನನ್ನು ಸೆರೆಮನೆಯವರೆಗೂ ಒಯ್ಯಬಲ್ಲದು. ಆದುದರಿಂದ ಈ ವಿಷಯದಲ್ಲಿ ಕಾನೂನು ಹೇಗಿದೆಯೆಂಬುದನ್ನು ಗ್ರಾಮದ ಮುಖಂಡರೂ ಜಮೀನುದಾರರೂ ಚೆನ್ನಾಗಿ ತಿಳಿದಿರುವುದು ಅಗತ್ಯ.

1. ಸೈಲೆನ್ಸರಿನ ಸ್ವರೂಪ

ಬಂದೂಕ ಹಾರಿದಾಗ ಆಗುವ ಸದ್ದಿಗೆ ಮುಖ್ಯವಾದ ಕಾರಣವು ನಳಿಗೆಯಲ್ಲಿ ಒತ್ತಡಕ್ಕೆ ಸಿಕ್ಕಿದ್ದ ಗಾಳಿ ಅಥವಾ ಹೊಗೆಯು ಗುಂಡಿನ ಬೆನ್ನಹಿಂದೆಯೇ ಥಟ್ಟನೆ ಹೊರಕ್ಕೆ ನುಗ್ಗುವುದು. ಹೀಗೆ ನುಗ್ಗುವ ಗಾಳಿಯನ್ನು ಒಂದು ಕೊಳವೆಯೊಳಗಿನ ಸಣ್ಣ ಸಣ್ಣ ಕೋಣೆಗಳಲ್ಲಿ ಹಿಗ್ಗಗೊಟ್ಟು, ವೇಗವನ್ನು ತಗ್ಗಿಸಿ ಹೊರಬಿಟ್ಟರೆ ಸದ್ದು ಕಡಮೆಯಾಗುತ್ತದೆ. ಮೋಟಾರು ಸೈಕಲ್ಲಿನ ಹೊಗೆಕೊಳವೆಯ ಸೈಲೆನ್ಸರಿನಲ್ಲಿ ನಡೆಯುವುದೂ ಇದೇ. ಅಮೆರಿಕದ ಹೈರಂ ಪರ್ಸಿ ಮ್ಯಾಕ್ಸಿಂ ಎಂಬುವರು ಬಂದೂಕದ ಸೈಲೆನ್ಸರಿಗೆ 1909ರಲ್ಲಿ ಪೇಟೆಂಟು ಪಡೆದರು.

ಗಾಳಿಬಂದೂಕಗಳಲ್ಲಿ ಎರಡು ಬಗೆಗಳು ಹೆಚ್ಚು ಬಳಕೆಯಲ್ಲಿವೆ. ಮೊದಲನೆಯದರಲ್ಲಿ ಸ್ಪ್ರಿಂಗು ಕೊಂತವನ್ನು ನೂಕಿ ಗಾಳಿಯನ್ನು ಒತ್ತುತ್ತದೆ. ಇದರ ಸದ್ದಿನಲ್ಲಿ ಹೆಚ್ಚಿನ ಪಾಲು ಸ್ಪ್ರಿಂಗು ಮತ್ತು ಕೊಂತದ ಬಡಿತದಿಂದಲೇ ಬರುವುದರಿಂದ ನಳಿಗೆಯ ಬಾಯಿಗೆ ಸೈಲೆನ್ಸರು ಹಾಕಿದರೂ ಅಷ್ಟಾಗಿ ಪ್ರಯೋಜನವಾಗದು. ಎರಡನೆಯದರಲ್ಲಿ ಮೊದಲೇ ಸಿಲಿಂಡರಿನಲ್ಲಿ ತುಂಬಿಟ್ಟ ಗಾಳಿಯಿಂದ ಗುಂಡು ಹಾರುತ್ತದೆ. ಇದರ ಸದ್ದು ಗಾಳಿಯ ಸದ್ದೇ ಆದುದರಿಂದ ಸೈಲೆನ್ಸರಿನಿಂದ ಬಹಳವಾಗಿ ಅಡಗುತ್ತದೆ. ಹೀಗಾಗಿ, ಸ್ಪ್ರಿಂಗಿನ ಬಂದೂಕವನ್ನಿಟ್ಟುಕೊಂಡು ಸೈಲೆನ್ಸರನ್ನು ಕೊಳ್ಳುವ ರೈತನು ಅಲ್ಪ ಪ್ರಯೋಜನಕ್ಕಾಗಿ ದೊಡ್ಡ ತೊಡಕನ್ನು ತಲೆಯ ಮೇಲೆ ಹೊತ್ತುಕೊಳ್ಳುತ್ತಾನೆ.

2. ಗಾಳಿಬಂದೂಕಕ್ಕೆ ಇರುವ ವಿನಾಯಿತಿ

ಭಾರತದಲ್ಲಿ ಆಯುಧಗಳ ವಿಷಯವನ್ನು 1959ನೆಯ ಇಸವಿಯ ಶಸ್ತ್ರಾಸ್ತ್ರ ಕಾಯಿದೆಯೂ ಅದರ ಕೆಳಗೆ ರಚಿತವಾದ 2016ನೆಯ ಇಸವಿಯ ನಿಯಮಗಳೂ ನಿಯಂತ್ರಿಸುತ್ತವೆ. ನಳಿಗೆಯ ರಂಧ್ರವು 0.177 ಅಂಗುಲವನ್ನು, ಎಂದರೆ 4.5 ಮಿಲಿಮೀಟರನ್ನು ಮೀರದೆಯೂ, ಗುಂಡಿನ ಶಕ್ತಿಯು ನಳಿಗೆಯ ಬಾಯಲ್ಲಿ 20 ಜೂಲುಗಳನ್ನು, ಎಂದರೆ ಸುಮಾರು 15 ಅಡಿ-ಪೌಂಡುಗಳನ್ನು ಮೀರದೆಯೂ ಇರುವ ಗಾಳಿಬಂದೂಕಕ್ಕೆ ಲೈಸೆನ್ಸು ಬೇಕಾಗಿಲ್ಲ. ಈ ಎರಡು ಮಿತಿಗಳಲ್ಲಿ ಯಾವುದೊಂದನ್ನು ಮೀರಿದರೂ ಲೈಸೆನ್ಸು ಬೇಕು. 0.22 ಅಂಗುಲ ರಂಧ್ರದ ಗಾಳಿಬಂದೂಕವು ಎಷ್ಟೇ ದುರ್ಬಲವಾಗಿದ್ದರೂ ಈ ವಿನಾಯಿತಿಗೆ ಒಳಪಡುವುದಿಲ್ಲ.

ಜೂಲಿನ ಲೆಕ್ಕವು ಕಷ್ಟವಾದುದಲ್ಲ. ಗುಂಡಿನ ತೂಕವನ್ನು ಕಿಲೋಗ್ರಾಮಿನಲ್ಲಿ ಬರೆದು, ಸೆಕೆಂಡಿಗೆ ಅದು ಹೋಗುವ ಮೀಟರುಗಳ ವರ್ಗದಿಂದ ಗುಣಿಸಿ, ಬಂದುದರಲ್ಲಿ ಅರ್ಧವನ್ನು ತೆಗೆದುಕೊಂಡರೆ ಜೂಲುಗಳು ಬರುತ್ತವೆ. ಸಾಧಾರಣವಾದ ಸೀಸದ ಗುಂಡು ಸುಮಾರು ಅರ್ಧ ಗ್ರಾಂ ತೂಗುತ್ತದೆ. ಅದು ಸೆಕೆಂಡಿಗೆ 200 ಮೀಟರು ವೇಗದಲ್ಲಿ ಹೊರಟರೆ ಶಕ್ತಿಯು 10 ಜೂಲು. 280 ಮೀಟರು ವೇಗವಾದರೆ 19.6 ಜೂಲು, ಇದು ಮಿತಿಯ ಒಳಗಿದೆ. 300 ಮೀಟರಾದರೆ 22.5 ಜೂಲು, ಇದು ಮಿತಿಯನ್ನು ಮೀರಿದೆ. ವೇಗದಲ್ಲಿ 20 ಮೀಟರುಗಳ ವ್ಯತ್ಯಾಸವಾದರೆ ಲೈಸೆನ್ಸು ಬೇಡದ ಬಂದೂಕವು ಲೈಸೆನ್ಸು ಬೇಕಾದ ಬಂದೂಕವಾಗುತ್ತದೆ. ಆದುದರಿಂದ ಕೊಂಡ ಮೇಲೆ ಸ್ಪ್ರಿಂಗನ್ನು ಬದಲಾಯಿಸಿ, ಗಾಳಿಯ ಒತ್ತಡವನ್ನು ಏರಿಸಿ, ಬಲವನ್ನು ಹೆಚ್ಚಿಸುವ ಕೆಲಸಕ್ಕೆ ಯಾರೂ ಕೈಹಾಕಬಾರದು.

3. ಕಾಯಿದೆಯ ದೃಷ್ಟಿಯಲ್ಲಿ ಸೈಲೆನ್ಸರು

ಅಗ್ನ್ಯಾಯುಧವೆಂಬ ಮಾತನ್ನು ಕೇಳಿದೊಡನೆ ಬೆಂಕಿ ಮತ್ತು ಮದ್ದಿನ ನೆನಪು ಬರುವುದು ಸಹಜ. ಗಾಳಿಬಂದೂಕದಲ್ಲಿ ಬೆಂಕಿಯಿಲ್ಲವಾದುದರಿಂದ ಅದು ಅಗ್ನ್ಯಾಯುಧವಲ್ಲವೆಂದು ಅನೇಕರು ವಾದಿಸುತ್ತಾರೆ. ಆದರೆ ಕಾಯಿದೆಯಲ್ಲಿ ಪದಗಳಿಗೆ ಕಾಯಿದೆಯೇ ಕೊಟ್ಟ ಅರ್ಥವು ಮುಖ್ಯವೇ ಹೊರತು ಲೋಕರೂಢಿಯ ಅರ್ಥವಲ್ಲ. ಕಾಯಿದೆಯ 2ನೆಯ ಕಲಮಿನ ವ್ಯಾಖ್ಯೆಯಂತೆ, ಸ್ಫೋಟಕ ವಸ್ತುವಿನ ಬಲದಿಂದಾಗಲಿ ಬೇರೆ ಯಾವುದೇ ರೂಪದ ಶಕ್ತಿಯಿಂದಾಗಲಿ ಗುಂಡನ್ನು ಹಾರಿಸುವಂತೆ ರಚಿಸಿದ ಅಥವಾ ಮಾರ್ಪಡಿಸಿದ ಆಯುಧವೆಲ್ಲವೂ ಅಗ್ನ್ಯಾಯುಧವೇ. ಒತ್ತಿದ ಗಾಳಿಯೂ ಒಂದು ರೂಪದ ಶಕ್ತಿಯಾದುದರಿಂದ ಗಾಳಿಬಂದೂಕವು ಈ ವ್ಯಾಖ್ಯೆಯೊಳಗೆ ಬರುತ್ತದೆ. ಅದಕ್ಕೆ ಲೈಸೆನ್ಸು ಬೇಡವಾದುದು ಅದು ಆಯುಧವಲ್ಲವೆಂಬ ಕಾರಣದಿಂದಲ್ಲ; ಮಿತಿಯೊಳಗಿರುವುದಕ್ಕೆ ಸರ್ಕಾರವು ವಿನಾಯಿತಿಯನ್ನು ಕೊಟ್ಟಿದೆಯೆಂಬ ಕಾರಣದಿಂದ. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದು ಸುಲಭವಾಗಿ ತಿಳಿಯುವುದು.

ಅದೇ ವ್ಯಾಖ್ಯೆಯು ಮುಂದುವರಿದು, ಇಂಥ ಆಯುಧವು ಹಾರುವಾಗ ಆಗುವ ಸದ್ದನ್ನಾಗಲಿ ಬೆಳಕನ್ನಾಗಲಿ ಕಡಮೆ ಮಾಡುವುದಕ್ಕೆ ರಚಿಸಿದ ಅಥವಾ ಮಾರ್ಪಡಿಸಿದ ಸಲಕರಣೆಗಳನ್ನೂ ಅಗ್ನ್ಯಾಯುಧಗಳ ಸಾಲಿಗೆ ಸೇರಿಸಿದೆ. ಎಂದರೆ ಸೈಲೆನ್ಸರು ಬಂದೂಕಕ್ಕೆ ಅಂಟಿಕೊಂಡ ಅಲಂಕಾರವಲ್ಲ. ಬಂದೂಕವಿಲ್ಲದೆ ಬಿಡಿಯಾಗಿ ಪೆಟ್ಟಿಗೆಯಲ್ಲಿದ್ದರೂ ಕಾಯಿದೆಯ ಪ್ರಕಾರ ಅದೇ ಒಂದು ಅಗ್ನ್ಯಾಯುಧ. 1962ನೆಯ ಇಸವಿಯ ಹಳೆಯ ನಿಯಮಗಳ ಅನುಸೂಚಿಯಲ್ಲಿಯೇ ಈ ಸಲಕರಣೆಗಳನ್ನು ಅತ್ಯಂತ ಬಿಗಿಯಾದ ಮೊದಲನೆಯ ವರ್ಗಕ್ಕೆ ಹಾಕಲಾಗಿತ್ತು. ಮೂತಿಯಿಂದ ಮದ್ದು ತುಂಬುವ ನಾಡಬಂದೂಕಗಳನ್ನು ಅದಕ್ಕಿಂತ ಕೆಳಗಿನ ವರ್ಗದಲ್ಲಿಟ್ಟಿದ್ದುದನ್ನು ನೋಡಿದರೆ, ಸದ್ದಿಲ್ಲದೆ ಗುಂಡು ಹಾರಿಸುವ ಸಾಧನವನ್ನು ಕಾನೂನು ಎಷ್ಟು ಸಂಶಯದಿಂದ ಕಾಣುತ್ತದೆಂಬುದು ಗೊತ್ತಾಗುತ್ತದೆ.

ವಿನಾಯಿತಿಯ ಮಾತಾದರೋ, ಅದು ಹೇಳಿದಷ್ಟಕ್ಕೆ ಮಾತ್ರ ಸಲ್ಲುತ್ತದೆ. ಹೇಳದೆ ಇದ್ದುದಕ್ಕೆ ಅದನ್ನು ಎಳೆಯಲಾಗದು. ಗಾಳಿಬಂದೂಕದ ವಿನಾಯಿತಿಯನ್ನು ರಂಧ್ರದ ಅಳತೆ ಮತ್ತು ಗುಂಡಿನ ಶಕ್ತಿಗಳಿಂದ ಗೊತ್ತುಮಾಡಿದೆ. ಸೈಲೆನ್ಸರಿಗೆ ಗುಂಡೂ ಇಲ್ಲ, ಜೂಲೂ ಇಲ್ಲ. ಆ ಅಳತೆಗೋಲಿನಿಂದ ಅದನ್ನು ಅಳೆಯುವುದೇ ಅಸಾಧ್ಯ. ಕೊಡಗಿನಲ್ಲಿ ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಬಂದೂಕದ ಲೈಸೆನ್ಸಿನಿಂದ ವಿಶೇಷ ವಿನಾಯಿತಿಯುಂಟು. 2019ರಲ್ಲಿ ಅದನ್ನು ಹತ್ತು ವರ್ಷಗಳಿಗೆ ಮುಂದುವರಿಸಲಾಯಿತು; ಕರ್ನಾಟಕ ಹೈಕೋರ್ಟು 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಆ ವಿನಾಯಿತಿಯೂ ಹೆಸರಿಸಿದ ಜನರಿಗೆ, ವಿಧಿಸಿದ ಷರತ್ತುಗಳ ಮೇಲೆ ಕೊಟ್ಟದ್ದೇ ಹೊರತು ಎಲ್ಲ ಸಲಕರಣೆಗಳಿಗೂ ತೆರೆದ ಬಾಗಿಲಲ್ಲ.

ಹೆಸರನ್ನು ಬದಲಾಯಿಸುವುದರಿಂದಲೂ ಪಾರಾಗಲಾಗದು. ವ್ಯಾಪಾರಿಗಳು ಇದನ್ನು ಮಾಡರೇಟರು, ಮಫ್ಲರು, ನಳಿಗೆಯ ಉದ್ದಿಕೆ ಎಂದು ಬೇರೆ ಬೇರೆ ಹೆಸರುಗಳಿಂದ ಮಾರುತ್ತಾರೆ. ಕಾಯಿದೆಯು ಕೇಳುವುದು ಹೆಸರನ್ನಲ್ಲ, ರಚನೆಯ ಉದ್ದೇಶವನ್ನು. ಒಳಗೆ ಸದ್ದಡಗಿಸುವ ಕೋಣೆಗಳುಳ್ಳ ಕೊಳವೆಗೆ ಯಾವ ಹೆಸರಿಟ್ಟರೂ ಅದು ಸದ್ದಡಗಿಸುವ ಸಲಕರಣೆಯೇ ಆಗಿರುತ್ತದೆ. ಕಾರ್ಖಾನೆಯಲ್ಲಿಯೇ ನಳಿಗೆಯ ಸುತ್ತ ಇಂಥ ಕೊಳವೆಯನ್ನು ಸೇರಿಸಿ ತಯಾರಿಸಿದ ಬಂದೂಕಗಳೂ ಮಾರಾಟಕ್ಕೆ ಬರುವುದರಿಂದ ಕೊಳ್ಳುವ ಮೊದಲೇ ಇದನ್ನು ವಿಚಾರಿಸತಕ್ಕದ್ದು.

4. ಪರದೇಶಗಳ ಕಾನೂನಿನಿಂದ ಉಂಟಾಗುವ ಭ್ರಮೆ

ಸೈಲೆನ್ಸರುಗಳ ವಿಷಯದಲ್ಲಿ ರೈತರು ಓದುವ ಮತ್ತು ನೋಡುವ ಪ್ರಚಾರವು ಬಹುಮಟ್ಟಿಗೆ ಇಂಗ್ಲೆಂಡು ಮತ್ತು ಅಮೆರಿಕಗಳಿಂದ ಬರುತ್ತದೆ. ಇಂಗ್ಲೆಂಡಿನಲ್ಲಿ ಗಾಳಿಯ ರೈಫಲಿಗೆ 12 ಅಡಿ-ಪೌಂಡು, ಗಾಳಿಯ ಪಿಸ್ತೂಲಿಗೆ 6 ಅಡಿ-ಪೌಂಡು ಎಂಬ ಮಿತಿಯಿದೆ. ಈ ಮಿತಿಯೊಳಗಿನ ಬಂದೂಕಕ್ಕಾಗಲಿ ಅದಕ್ಕೆಂದೇ ಮಾಡಿದ ಸೈಲೆನ್ಸರಿಗಾಗಲಿ ಅಲ್ಲಿ ಸರ್ಟಿಫಿಕೇಟು ಬೇಡ. ಅದರ ನೆರೆಯ ಸ್ಕಾಟ್ಲೆಂಡಿನಲ್ಲಾದರೋ 2016ನೆಯ ಇಸವಿ ಡಿಸೆಂಬರು 31ರಿಂದ ಗಾಳಿಬಂದೂಕಕ್ಕೂ ಸರ್ಟಿಫಿಕೇಟು ಬೇಕಾಗಿದೆ. ಒಂದೇ ದ್ವೀಪದಲ್ಲಿ ಗಡಿ ದಾಟಿದೊಡನೆ ಕಾನೂನು ಬದಲಾಗುವಾಗ, ಸಮುದ್ರದಾಚೆಯ ಪದ್ಧತಿಯನ್ನು ಇಲ್ಲಿಗೆ ಅನ್ವಯಿಸುವುದು ಎಷ್ಟು ಅವಿವೇಕವೆಂಬುದನ್ನು ಹೇಳಬೇಕಾಗಿಲ್ಲ.

ಅಮೆರಿಕದ ಕೇಂದ್ರ ಕಾನೂನಿನಲ್ಲಿ ಅಗ್ನ್ಯಾಯುಧವೆಂದರೆ ಸ್ಫೋಟಕದ ಬಲದಿಂದ ಹಾರಿಸುವ ಆಯುಧ. ಗಾಳಿಬಂದೂಕವು ಆ ವ್ಯಾಖ್ಯೆಗೆ ಸೇರದು. ಆದರೆ ಮದ್ದಿನ ಬಂದೂಕದ ಸೈಲೆನ್ಸರನ್ನು 1934ನೆಯ ಇಸವಿಯ ಕಾಯಿದೆಯಂತೆ ನೋಂದಾಯಿಸಬೇಕು. ಅದಕ್ಕೆ ಆ ಕಾಲದಿಂದ ಇದ್ದ 200 ಡಾಲರು ತೆರಿಗೆಯು 2026ರ ಆರಂಭದಲ್ಲಿ ರದ್ದಾದರೂ ನೋಂದಣಿಯು ಉಳಿದಿದೆ. ಗಾಳಿಬಂದೂಕದ ಸೈಲೆನ್ಸರೇ ಮದ್ದಿನ ಬಂದೂಕಕ್ಕೂ ಕೂಡುವಂತಿದ್ದರೆ ಅದನ್ನು ಯಾವುದೆಂದು ಎಣಿಸಬೇಕೆಂಬುದು ಅಲ್ಲಿನ ತೊಡಕು. 2004ರಲ್ಲಿ ಮಸಾಚುಸೆಟ್ಸಿನ ಒಬ್ಬನು ಗಾಳಿಬಂದೂಕದ ಸೈಲೆನ್ಸರನ್ನು ಒಹಾಯೊ ಪ್ರಾಂತ್ಯಕ್ಕೆ ಅಂಚೆಯಲ್ಲಿ ಕಳುಹಿಸಿದನು. ಹಿಂದೆ ಶಿಕ್ಷೆಗೊಳಗಾಗಿದ್ದುದರಿಂದ ಅವನು ಅಗ್ನ್ಯಾಯುಧವನ್ನು ಸಾಗಿಸುವಂತಿರಲಿಲ್ಲ. ಆ ಕೊಳವೆಯನ್ನು ಮದ್ದಿನ ಬಂದೂಕಕ್ಕೂ ಜೋಡಿಸಬಹುದೆಂದು ಸರ್ಕಾರಿ ವಕೀಲರು ವಾದಿಸಿದರು. 2006ರಲ್ಲಿ ಅವನು ಅಪರಾಧಿಯೆಂದು ತೀರ್ಮಾನವಾಯಿತು. ಜೋಡಿಸಬಹುದೆಂಬುದು ಮಾತ್ರ ಸಾಲದು, ಆ ಉದ್ದೇಶಕ್ಕಾಗಿ ಇದ್ದಿತೆಂಬುದನ್ನು ತೋರಿಸಬೇಕೆಂದು ಹೇಳಿ ಬಾಸ್ಟನ್ನಿನ ಮೇಲ್ಮನವಿ ನ್ಯಾಯಾಲಯವು 2010ರಲ್ಲಿ ಆ ತೀರ್ಮಾನವನ್ನು ರದ್ದುಪಡಿಸಿತು. ಗಾಳಿಬಂದೂಕವು ಅಗ್ನ್ಯಾಯುಧವೇ ಅಲ್ಲದ ದೇಶದಲ್ಲಿಯೂ ಒಂದು ಕೊಳವೆಯ ವ್ಯಾಜ್ಯವು ಆರು ವರ್ಷ ನಡೆಯಿತು. ಗಾಳಿಬಂದೂಕವೂ ಸೈಲೆನ್ಸರೂ ಎರಡೂ ವ್ಯಾಖ್ಯೆಯೊಳಗೆ ಬರುವ ಭಾರತದಲ್ಲಿ, ಅಲ್ಲಿ ಗೆದ್ದ ವಾದವನ್ನು ಹೂಡುವುದಕ್ಕೇ ಎಡೆಯು ಕಡಮೆ.

5. ಅಪರಾಧಗಳೂ ಶಿಕ್ಷೆಗಳೂ

ಒಬ್ಬ ಜಮೀನುದಾರನು ಸೈಲೆನ್ಸರನ್ನು ಪಡೆಯುವ ಹಾದಿಗಳು ಮೂರು, ಮೂರರಲ್ಲಿಯೂ ಅಪಾಯವಿದೆ.

ಮೊದಲನೆಯದು, ಲೈಸೆನ್ಸಿಲ್ಲದೆ ಅದನ್ನು ಪಡೆದು ಇಟ್ಟುಕೊಳ್ಳುವುದು. ಇದು 3ನೆಯ ಕಲಮಿಗೆ ವಿರುದ್ಧ. 2019ರ ಡಿಸೆಂಬರಿನಲ್ಲಿ ಜಾರಿಗೆ ಬಂದ ತಿದ್ದುಪಡಿಯ ತರುವಾಯ ಲೈಸೆನ್ಸಿಲ್ಲದೆ ಅಗ್ನ್ಯಾಯುಧವನ್ನು ಇಟ್ಟುಕೊಂಡುದಕ್ಕೆ ಎರಡು ವರ್ಷಕ್ಕೆ ಕಡಮೆಯಿಲ್ಲದೆ ಐದು ವರ್ಷದವರೆಗೆ ಸೆರೆಯೂ ಜುಲ್ಮಾನೆಯೂ ಉಂಟು. ಈ ಕಲಮಿನ ಮೊಕದ್ದಮೆಗೆ ಜಿಲ್ಲಾ ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಬೇಕೆಂಬುದು ಒಂದು ರಕ್ಷಣೆ. ಆದರೆ ಅನುಮತಿಗೆ ಮುಂಚೆಯೇ ತನಿಖೆ, ಜಪ್ತಿಗಳ ಕಷ್ಟವು ಬಂದೊದಗಬಹುದು.

ಎರಡನೆಯದು, ಪರದೇಶದಿಂದ ಅಂಚೆ ಅಥವಾ ಕೊರಿಯರಿನ ಮೂಲಕ ತರಿಸುವುದು. ಭೂಮಾರ್ಗ, ಜಲಮಾರ್ಗ, ವಾಯುಮಾರ್ಗ ಯಾವುದರಿಂದಲಾದರೂ ಆಯುಧವನ್ನು ದೇಶದೊಳಕ್ಕೆ ತರುವುದಕ್ಕೆ 10ನೆಯ ಕಲಮಿನಂತೆ ಲೈಸೆನ್ಸು ಬೇಕು. ಮಾರಿದವನು ದೂರದ ಊರಿನಲ್ಲಿ ಸುಖವಾಗಿರುತ್ತಾನೆ. ಗಂಟಿನ ಮೇಲೆ ಬರೆದಿರುವ ವಿಳಾಸವು ಮಾತ್ರ ಕೊಂಡವನದು.

ಮೂರನೆಯದು, ಊರಿನ ಲೇತಿನ ಅಂಗಡಿಯಲ್ಲಿ ಮಾಡಿಸುವುದು. ಇದೇ ಎಲ್ಲಕ್ಕಿಂತ ಕೆಟ್ಟದು. ಲೈಸೆನ್ಸಿಲ್ಲದೆ ಅಗ್ನ್ಯಾಯುಧವನ್ನು ತಯಾರಿಸುವುದು, ಮಾರುವುದು, ಬೇರೆಯವರಿಗೆ ವರ್ಗಾಯಿಸುವುದು ಇವೆಲ್ಲವೂ 5ನೆಯ ಕಲಮಿಗೆ ವಿರುದ್ಧವಾದುವು. ಮೇಲೆ ಹೇಳಿದ ತಿದ್ದುಪಡಿಯಂತೆ ಇವುಗಳಿಗೆ ಏಳು ವರ್ಷಕ್ಕೆ ಕಡಮೆಯಿಲ್ಲದೆ ಯಾವಜ್ಜೀವದವರೆಗೆ ಸೆರೆಯನ್ನು ವಿಧಿಸಬಹುದು. ಗಿರಾಕಿಯನ್ನು ಕಳೆದುಕೊಳ್ಳಬಾರದೆಂದು ಸಣ್ಣ ಕೂಲಿಗೆ ಕೊಳವೆಯನ್ನು ಕೊರೆದುಕೊಟ್ಟ ಕೆಲಸಗಾರನೇ ಈ ಭಾರಿಯಾದ ಶಿಕ್ಷೆಗೆ ಮೊದಲು ಗುರಿಯಾಗುತ್ತಾನೆ, ಮಾಡಿಸಿದವನೂ ತಪ್ಪಿಸಿಕೊಳ್ಳಲಾರನು.

6. ಮನೆಯವರ ಮತ್ತು ಗ್ರಾಮಪ್ರಮುಖರ ಹೊಣೆ

ಅವಿಭಕ್ತ ಕುಟುಂಬಗಳವರು 35ನೆಯ ಕಲಮನ್ನು ವಿಶೇಷವಾಗಿ ಗಮನಿಸತಕ್ಕದ್ದು. ಹಲವರು ಒಟ್ಟಾಗಿ ಅನುಭವಿಸುವ ಮನೆಯಲ್ಲಾಗಲಿ ವಾಹನದಲ್ಲಾಗಲಿ ಅಕ್ರಮವಾದ ಆಯುಧವು ಸಿಕ್ಕಿದರೆ, ಅದು ಅಲ್ಲಿದ್ದುದು ತಿಳಿದಿತ್ತೆಂದು ನಂಬಲು ಕಾರಣವಿರುವ ಪ್ರತಿಯೊಬ್ಬನೂ, ಬೇರೆಯಾಗಿ ರುಜುವಾತಾಗದ ಹೊರತು, ತಾನೊಬ್ಬನೇ ಆ ಅಪರಾಧವನ್ನು ಮಾಡಿದಂತೆ ಹೊಣೆಯಾಗುತ್ತಾನೆ. ಕಿರಿಯವನು ತರಿಸಿದ ಸೈಲೆನ್ಸರು ತೋಟದ ಮನೆಯ ಅಟ್ಟದಲ್ಲಿದ್ದು, ಹಿರಿಯಣ್ಣನು ಅದನ್ನು ಕಂಡೂ ಸುಮ್ಮನಿದ್ದನೆಂದು ಭಾವಿಸಿದರೆ, ಒಬ್ಬನ ಚಪಲದಿಂದ ಇಬ್ಬರೂ ನ್ಯಾಯಾಲಯದ ಕಟಕಟೆಯಲ್ಲಿ ನಿಲ್ಲಬೇಕಾಗುವುದು. ಬೆಳೆಯ ಕೊಯ್ಲಿನ ಕಾಲವು ವಕೀಲರ ಮನೆಗೆ ತಿರುಗುವುದರಲ್ಲಿಯೇ ಕಳೆದುಹೋಗುವುದು.

ಗ್ರಾಮದ ಮುಖಂಡರಿಗೆ 36ನೆಯ ಕಲಮು ಮುಖ್ಯವಾದುದು. ಈ ಕಾಯಿದೆಗೆ ವಿರುದ್ಧವಾದ ಅಪರಾಧವು ನಡೆದುದು ಗೊತ್ತಿರುವ ಪ್ರತಿಯೊಬ್ಬನೂ ಅದನ್ನು ಹತ್ತಿರದ ಪೊಲೀಸು ಠಾಣೆಯ ಅಧಿಕಾರಿಗಾಗಲಿ ಮ್ಯಾಜಿಸ್ಟ್ರೇಟರಿಗಾಗಲಿ ತಿಳಿಸತಕ್ಕದ್ದು. ತಿಳಿಸದೆ ಇದ್ದುದಕ್ಕೆ ನ್ಯಾಯವಾದ ಕಾರಣವಿತ್ತೆಂಬುದನ್ನು ತೋರಿಸುವ ಭಾರವು ಸುಮ್ಮನಿದ್ದವನ ಮೇಲೆಯೇ ಇರುತ್ತದೆ. ಊರಿನವರ ಮನಸ್ಸು ನೋಯಬಾರದೆಂಬ ದಾಕ್ಷಿಣ್ಯವು ನ್ಯಾಯವಾದ ಕಾರಣವೆನಿಸಲಾರದು. ಆದುದರಿಂದ ವಿಷಯವು ಅಪರಾಧವಾಗುವವರೆಗೆ ಬಿಡದೆ, ಊರಿನ ಸಭೆಯಲ್ಲಿ ಮೊದಲೇ ತಿಳುವಳಿಕೆ ಹೇಳುವುದೇ ಮುಖಂಡರಾದವರಿಗೆ ಶ್ರೇಯಸ್ಕರ.

7. ಬೆಳೆರಕ್ಷಣೆಯಲ್ಲಿ ಸೈಲೆನ್ಸರಿನ ಪ್ರಯೋಜನವೇನು?

ಬೆಳೆಯನ್ನು ಕಾಯುವವನಿಗೆ ಸದ್ದೇ ಸಹಾಯಕವೆಂಬುದು ಹಳೆಯ ಅನುಭವ. ತಮಟೆ ಬಡಿಯುವುದು, ಅಟ್ಟಣೆಯಿಂದ ಕೂಗುಹಾಕುವುದು, ಪಟಾಕಿ ಹಾರಿಸುವುದು ಇವೆಲ್ಲವೂ ಸದ್ದಿನಿಂದಲೇ ಪ್ರಾಣಿಗಳನ್ನು ದೂರವಿಡುತ್ತವೆ. ಸದ್ದಡಗಿಸಿದ ಬಂದೂಕವು ಈ ಪ್ರಯೋಜನವನ್ನು ಕಳೆಯುತ್ತದೆ. ಇನ್ನು ಕೊಲ್ಲುವ ಬಲವೋ, 20 ಜೂಲಿನೊಳಗಿನ ಗುಂಡಿನಿಂದ ಹಂದಿಯು ಸಾಯುವುದಿಲ್ಲ. ಗಾಯಗೊಂಡು ಕೆರಳಿ, ಬೆಳಗಾಗುವ ಮೊದಲು ನೀರು ಕಟ್ಟಲು ಹೋದ ಕೂಲಿಯವನ ಮೇಲೆ ಬೀಳಬಹುದು.

ಇದಲ್ಲದೆ 1972ನೆಯ ಇಸವಿಯ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಇದೆ. ಆಯುಧಕ್ಕೆ ಲೈಸೆನ್ಸು ಬೇಡವೆಂದ ಮಾತ್ರಕ್ಕೆ ಬೇಟೆಗೆ ಅಪ್ಪಣೆಯಿದೆಯೆಂದು ಅರ್ಥವಲ್ಲ. ನವಿಲು ಆ ಕಾಯಿದೆಯ ಒಂದನೆಯ ಅನುಸೂಚಿಯಲ್ಲಿದೆ. ಆ ಅನುಸೂಚಿಯ ಪ್ರಾಣಿಯನ್ನು ಬೇಟೆಯಾಡಿದರೆ ಮೂರರಿಂದ ಏಳು ವರ್ಷದವರೆಗೆ ಸೆರೆಯೂ 25,000 ರೂಪಾಯಿಗೆ ಕಡಮೆಯಿಲ್ಲದ ಜುಲ್ಮಾನೆಯೂ ಉಂಟು. ಬೇಟೆಯೆಂದರೆ ಕೊಲ್ಲುವುದು ಮಾತ್ರವಲ್ಲ, ಗಾಯಗೊಳಿಸುವುದೂ ಅದರಲ್ಲಿ ಸೇರಿದೆ. ಅಪರಾಧಕ್ಕೆ ಬಳಸಿ ಜಪ್ತಿಯಾದ ಆಯುಧವು ಸರ್ಕಾರದ ಸ್ವತ್ತಾಗುತ್ತದೆ. ಸೈಲೆನ್ಸರು ಹಾಕಿದ ಬಂದೂಕವು ಹೀಗೆ ಸಿಕ್ಕಿದಾಗ ಬೆಳೆ ಕಾಯುತ್ತಿದ್ದೆನೆಂಬ ಮಾತನ್ನು ನಂಬುವವರು ಕಡಮೆ. ಗುಟ್ಟಾಗಿ ಬೇಟೆಯಾಡುವ ಉದ್ದೇಶವಿತ್ತೆಂದು ಆ ಕೊಳವೆಯೇ ಅವನ ವಿರುದ್ಧ ಸಾಕ್ಷಿ ನುಡಿಯುವಂತಾಗುತ್ತದೆ.

8. ಕಾನೂನಿಗೆ ಒಪ್ಪಿದ ಹಾದಿ

ರೈತನ ಸಂಕಟವನ್ನು ಕಾನೂನು ಮರೆತಿಲ್ಲ. ನಿಜವಾಗಿಯೂ ಬೆಳೆಯ ರಕ್ಷಣೆಗಾಗಿ ಮೂತಿಯಿಂದ ಮದ್ದು ತುಂಬುವ ಬಂದೂಕವು ಬೇಕಾದರೆ ಅದಕ್ಕೆ ಲೈಸೆನ್ಸು ಕೊಡುವ ಏರ್ಪಾಡು ಶಸ್ತ್ರಾಸ್ತ್ರ ಕಾಯಿದೆಯ 13ನೆಯ ಕಲಮಿನಲ್ಲಿಯೇ ಇದೆ. ಅಂಥ ಬಂದೂಕವು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ನುಣುಪು ನಳಿಗೆಯ ಬಂದೂಕಕ್ಕೂ ಲೈಸೆನ್ಸು ಕೊಡಬಹುದು. ಹಾವಳಿಯ ಪ್ರಾಣಿಯು ವನ್ಯಜೀವಿ ಕಾಯಿದೆಯ ಎರಡನೆಯ ಅನುಸೂಚಿಯಲ್ಲಿದ್ದು, ನಿಂತ ಬೆಳೆಗೆ ಅಪಾಯಕಾರಿಯಾಗಿದ್ದರೆ, 11ನೆಯ ಕಲಮಿನಂತೆ ಅದನ್ನು ಬೇಟೆಯಾಡಲು ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದವರು ಬರಹದ ಮೂಲಕ ಅಪ್ಪಣೆ ಕೊಡಬಹುದು. ಕಾಡುಹಂದಿಯು ಈ ಅನುಸೂಚಿಗೆ ಸೇರಿದ್ದು. ಬೆಳೆನಷ್ಟವಾದಾಗ ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟು ಪರಿಹಾರವನ್ನು ಕೇಳುವ ಹಾದಿಯೂ ಇದೆ. ಈ ಹಾದಿಗಳು ನಿಧಾನವಾದುವೆಂಬುದು ಸತ್ಯ. ಆದರೆ ಹೊಲಕ್ಕೆ ಹೋಗುವ ಹಾದಿಯು ಸುತ್ತಾಯಿತೆಂದು ನೆರೆಯವನ ಪೈರನ್ನು ತುಳಿದು ಹೋದವನು ದಂಡ ತೆರಬೇಕಾಗುತ್ತದೆ.

ಈಗಾಗಲೇ ತಿಳಿಯದೆ ಸೈಲೆನ್ಸರನ್ನು ಇಟ್ಟುಕೊಂಡಿರುವವನು ಅದನ್ನು ನೆಂಟರಿಗೆ ಕೊಡುವುದಾಗಲಿ ಮಾರುವುದಾಗಲಿ ಬಾವಿಗೆ ಎಸೆಯುವುದಾಗಲಿ ಸಲ್ಲದು. ಕೊಡುವುದೂ ಮಾರುವುದೂ ಇನ್ನೊಂದು ಅಪರಾಧವಾಗುತ್ತದೆ. ಯಾವುದೇ ಕಾರಣದಿಂದ ಇಟ್ಟುಕೊಳ್ಳುವುದು ನ್ಯಾಯವಲ್ಲದಂತಾದ ಆಯುಧವನ್ನು ತಡಮಾಡದೆ ಪೊಲೀಸು ಠಾಣೆಯಲ್ಲಿ ಅಥವಾ ಲೈಸೆನ್ಸು ಪಡೆದ ವ್ಯಾಪಾರಿಯಲ್ಲಿ ಒಪ್ಪಿಸಬೇಕೆಂದು 21ನೆಯ ಕಲಮು ಹೇಳುತ್ತದೆ. ತಂದೆಯ ಕಾಲದಿಂದ ಬಂದ ಪೆಟ್ಟಿಗೆಯಲ್ಲಿ ಸಿಕ್ಕಿದ್ದಾಗಲಿ ತಾನೇ ಕೊಂಡದ್ದಾಗಲಿ, ಮೊದಲು ವಕೀಲರೊಬ್ಬರ ಆಲೋಚನೆಯನ್ನು ಕೇಳಿ, ಅವರ ಸಹಾಯದಿಂದ ಬರಹದ ಮೂಲಕ ಒಪ್ಪಿಸಿ ರಸೀದಿಯನ್ನು ಪಡೆಯುವುದು ಕ್ಷೇಮಕರ.

9. ಸಾರಾಂಶ

(1) 0.177 ಅಂಗುಲ ಮತ್ತು 20 ಜೂಲು ಇವೆರಡನ್ನೂ ಮೀರದ ಗಾಳಿಬಂದೂಕಕ್ಕೆ ಮಾತ್ರ ಲೈಸೆನ್ಸಿನಿಂದ ವಿನಾಯಿತಿ. ಕೊಳ್ಳುವಾಗ ಈ ಅಳತೆಗಳನ್ನು ನಮೂದಿಸಿದ ರಸೀದಿಯನ್ನು ಪಡೆದು ಜೋಪಾನವಾಗಿಡಬೇಕು.

(2) ಬಂದೂಕಕ್ಕೆ ಇರುವ ವಿನಾಯಿತಿಯು ಸೈಲೆನ್ಸರಿಗೆ ಇಲ್ಲ. ಸೈಲೆನ್ಸರು ಕಾಯಿದೆಯಂತೆ ತಾನೇ ಅಗ್ನ್ಯಾಯುಧ.

(3) ಅದನ್ನು ತರಿಸಬಾರದು, ಮಾಡಿಸಬಾರದು, ಮಾಡಿಕೊಡಬಾರದು, ಮನೆಯಲ್ಲಿಡಗೊಡಬಾರದು.

(4) ಪರದೇಶದ ಕಾನೂನನ್ನೂ ವ್ಯಾಪಾರಿಯ ಮಾತನ್ನೂ ನಂಬಬಾರದು. ಸಂದೇಹವಿದ್ದಲ್ಲಿ ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಬೇಕು.

(5) ಬೆಳೆಯ ರಕ್ಷಣೆಗೆ ಲೈಸೆನ್ಸನ್ನೂ ಅಪ್ಪಣೆಯನ್ನೂ ಪರಿಹಾರವನ್ನೂ ಅರ್ಜಿಯ ಮೂಲಕ ಕೇಳಬೇಕು.

ಬೇಲಿಯೇ ಎದ್ದು ಹೊಲವನ್ನು ಮೇಯ್ದರೆ ಕಾಯುವವರಿಲ್ಲ. ಬೆಳೆಯನ್ನು ಉಳಿಸಿಕೊಳ್ಳಲೆಂದು ತಂದ ಸಾಧನವೇ ಹೊಲಮನೆಗಳನ್ನು ವ್ಯಾಜ್ಯಕ್ಕೆ ಒಡ್ಡುವಂತಾಗದಂತೆ ಎಚ್ಚರಿಕೆಯಿಂದಿರುವುದು ಪ್ರತಿಯೊಬ್ಬ ಜಮೀನುದಾರನ ಕರ್ತವ್ಯ. ಆ ಎಚ್ಚರಿಕೆಯನ್ನು ಊರಿಗೆಲ್ಲ ತಿಳಿಸುವುದು ಮುಖಂಡರಾದವರ ಕರ್ತವ್ಯ.